ಊಸರವಳ್ಳಿ ಗೂಡಿನ ನೀರು: ಮೊದಲು ಬಕೆಟ್ ನೋಡಿ

ಫ್ಲೋರಿಡಾದ ಒಂದು ಸರೀಸೃಪಗಳ ಅಂಗಡಿಯಲ್ಲಿ ನನ್ನ ಕೆಲಸ. ಊಸರವಳ್ಳಿ ಗೂಡು ಜೋಡಿಸಿ ಕೊಡುವುದು, ಏನಾದರೂ ಕೆಟ್ಟರೆ ಹೋಗಿ ಸರಿಮಾಡುವುದು. ಬರುವ ಫೋನ್‌ಗಳಲ್ಲಿ ಬಹುಪಾಲು ಒಂದೇ ದೂರು: ತಳದಲ್ಲಿ ನೀರು ನಿಂತಿದೆ, ವಾಸನೆ ಬರ್ತಿದೆ.

ನೀರು ಹಾಕದೇ ಇರೋಣ ಅಂದ್ರೆ ಆಗುವುದಿಲ್ಲ. ಬಟ್ಟಲಲ್ಲಿ ನೀರಿಟ್ಟರೆ ಈ ಪ್ರಾಣಿ ಸಾಮಾನ್ಯವಾಗಿ ಅತ್ತ ತಿರುಗಿಯೂ ನೋಡುವುದಿಲ್ಲ. ಎಲೆ ಮೇಲಿನ ಹನಿ ನೆಕ್ಕಿಯೇ ಕುಡಿಯಬೇಕು. ಅದಕ್ಕೇ ಪಂಪು, ಟೈಮರ್, ಮೇಲಿಂದ ತುಂತುರು ಸುರಿಸುವ ನಳಿಕೆ ಎಲ್ಲ. ಬಿದ್ದ ನೀರು ತಳದಲ್ಲೇ ಉಳಿದರೆ, ತಿನ್ನಲು ಬಿಟ್ಟ ಜೀರುಂಡೆಗಳು ಅದರಲ್ಲಿ ಸತ್ತು ಕೊಳೆಯುತ್ತವೆ. ಹಿಂದೆಯೇ ಸಣ್ಣ ನೊಣಗಳು ಬರುತ್ತವೆ.

ಎಲ್ಲರೂ ಮೊದಲು ಬೈಯುವುದು ನೀರು ಹೊರಹೋಗಲು ತಳದಲ್ಲಿ ಕೊರೆದ ತೂತನ್ನು. 'ಚಿಕ್ಕದಾಯ್ತು, ದೊಡ್ಡದು ಕೊರೆದುಕೊಡಿ' ಅಂತಾರೆ. ಟಾರ್ಚ್ ಬಿಟ್ಟು ನೋಡಿದರೆ ಬೇರೆ ಕಥೆ. ತೂತಿಗೆ ಹಾಕಿದ ಪ್ಲಾಸ್ಟಿಕ್ ಫಿಟಿಂಗ್‌ಗೆ ಒಂದು ಅಂಚು ಇರುತ್ತದೆ. ಅದು ತಳದಿಂದ ಕೆಲವು ಮಿಲಿಮೀಟರ್ ಎದ್ದು, ಬಾವಿಕಟ್ಟೆ ಹಾಗೆ ಸುತ್ತ ನಿಂತಿರುತ್ತದೆ. ನೀರು ಅಷ್ಟು ಎತ್ತರಕ್ಕೆ ಏರುವವರೆಗೆ ಒಂದು ಹನಿಯೂ ಇಳಿಯುವುದಿಲ್ಲ. ತೂತು ಎಷ್ಟು ದೊಡ್ಡದಾದರೂ ಅಷ್ಟೇ. ಜೊತೆಗೆ ಕುಂಡದ ಭಾರಕ್ಕೆ ತಳದ ಹಾಳೆ ಬೇರೆ ಕಡೆ ತಗ್ಗಿರುತ್ತದೆ, ನೀರು ಅಲ್ಲಿಗೇ ಹೋಗುತ್ತದೆ. ನಾನು ಒಂದು ಲೋಟ ನೀರು ಸುರಿದು ಅದು ಎಲ್ಲಿ ನಿಲ್ಲುತ್ತದೆ ನೋಡುತ್ತೇನೆ, ತೂತು ಬರಬೇಕಾದ್ದು ಅಲ್ಲಿ. ಕೊರೆಯಲು ಆಗದಿದ್ದರೆ ಗೂಡಿನ ಒಂದು ಬದಿಗೆ ಮರದ ಚಕ್ಕೆ ಕೊಟ್ಟು ತೂತಿನ ಕಡೆ ಓರೆ ಮಾಡಿ. ಉಳಿದ ತೆಳು ನೀರಿಗೆ ಒಂದು ಹತ್ತಿ ಬಟ್ಟೆಯ ಪಟ್ಟಿ ಸಾಕು. ಒಂದು ತುದಿ ನೀರಲ್ಲಿ, ಇನ್ನೊಂದು ತುದಿ ತೂತಿನೊಳಗೆ ಇನ್ನೂ ಕೆಳಕ್ಕೆ. ಬಟ್ಟೆಯೇ ನೀರನ್ನು ಹೀರಿ ಅಂಚು ದಾಟಿಸುತ್ತದೆ. ಕೊಳೆಯುವ ಮೊದಲು ಬದಲಾಯಿಸಬೇಕು, ಅಷ್ಟೇ. ತೂತಿನ ಮೇಲೆ ಜಾಲರಿ ಮರೆಯಬೇಡಿ, ಇಲ್ಲದಿದ್ದರೆ ಉದುರಿದ ಎಲೆ ಪೈಪ್ ಕಟ್ಟುತ್ತದೆ.

ಇನ್ನು ತೂತಿನಿಂದ ಇಳಿದ ನೀರು ಸೇರುವ ಬಕೆಟ್. ನಾನು ಯಾವ ಮನೆಗೆ ಹೋದರೂ ಮೊದಲು ನೋಡುವುದು ಇದನ್ನೇ. ಮೇಲೆ ನೀರು ಕಳಿಸುವ ಟ್ಯಾಂಕ್ 20 ಲೀಟರ್, ಕೆಳಗಿನ ಬಕೆಟ್ 10 ಲೀಟರ್ ಇದ್ದರೆ, ಟೈಮರ್ ಸಿಕ್ಕಿಕೊಂಡ ದಿನ ಮಿಕ್ಕ 10 ಲೀಟರ್ ಕಾರ್ಪೆಟ್ ಮೇಲೆ! ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮನೆಯ ತಾರಸಿಗೂ. ಬಕೆಟ್ ಯಾವಾಗಲೂ ಟ್ಯಾಂಕ್‌ಗಿಂತ ದೊಡ್ಡದಿರಲಿ. ಟ್ಯಾಂಕ್ ಅನ್ನು ಗೂಡಿನ ಮೇಲೆ ಇಡಬೇಡಿ. ನಳಿಕೆಗಿಂತ ಎತ್ತರದಲ್ಲಿದ್ದರೆ ಪಂಪ್ ನಿಂತ ಮೇಲೂ ನೀರು ತಾನಾಗೇ ಜಿನುಗುತ್ತಿರುತ್ತದೆ. 'ಡ್ರೈನ್ ಕೆಟ್ಟಿದೆ' ಅನ್ನುವ ಎಷ್ಟೋ ದೂರುಗಳು ಟ್ಯಾಂಕ್ ಕೆಳಗಿಳಿಸಿದ ಕೂಡಲೇ ಮುಗಿದಿವೆ.

ತುಂತುರು ಜಾಸ್ತಿ ಆಯ್ತಾ ಅನ್ನುವುದನ್ನೂ ನೋಡಿ. ಯೆಮೆನ್, ಸೌದಿ ಕಡೆಯ ವೇಲ್ಡ್ (veiled) ಅನ್ನುವ ಜಾತಿಯ ಊಸರವಳ್ಳಿಗೆ ಹಗಲಲ್ಲಿ ಗೂಡು ಪೂರ್ತಿ ಒಣಗಬೇಕು. ಸದಾ ಒದ್ದೆಯಿದ್ದು ಗಾಳಿಯೂ ಆಡದಿದ್ದರೆ ಉಸಿರಾಟದ ಸೋಂಕು ಹತ್ತುತ್ತದೆ. ಗೂಡಿನ ದೀಪ ಹೊತ್ತುವ ಮೊದಲು ಒಮ್ಮೆ, ದೀಪ ಆರಿದ ಮೇಲೆ ಒಮ್ಮೆ ಸುರಿಸಿದರೆ ಸಾಮಾನ್ಯವಾಗಿ ಸಾಕು. ಮಧ್ಯಾಹ್ನ ಬಾಯಾರಿಕೆಗೆ ಹನಿ ಹನಿ ಬಿಡುವ ಡ್ರಿಪ್ಪರ್ ಇಡಬಹುದು.

ಬೆಂಗಳೂರಿನಿಂದ ಗೆಳೆಯರು ಕೇಳುತ್ತಾರೆ, ತೋಟದಲ್ಲಿ ಸಿಕ್ಕಿದ್ದನ್ನು ಹೀಗೇ ಸಾಕಬಹುದಾ ಅಂತ. ಆಗಲ್ಲ. ನಮ್ಮ ಊರಿನ ಊಸರವಳ್ಳಿ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ. ಸುಮ್ನೆ ನೋಡಿ ಬಿಟ್ಟುಬಿಡಿ.

ಹೆಣ್ಣು ವೇಲ್ಡ್ ಇದ್ದವರಿಗೆ ಇನ್ನೊಂದು ಮಾತು. ಗಂಡಿನ ಜೊತೆ ಸೇರದಿದ್ದರೂ ಅದು ಮೊಟ್ಟೆಯಿಡಬಹುದು, ಅಗೆಯಲು ಮರಳಿನ ಡಬ್ಬಿ ಬೇಕು. ಆ ಡಬ್ಬಿಯನ್ನು ನಳಿಕೆಯ ನೇರಕ್ಕೆ ಇಡಬೇಡಿ. ಮರಳು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಹಿಂಡಿದರೆ ನೀರು ಬರಬಾರದು.