ದಿನಕ್ಕೆ ಒಂದೂಕಾಲು ಕಿಲೋಮೀಟರ್: ವಡಗಾಂವ್‌ನಲ್ಲಿ ಮುಂಬೈ ದಂಡು ಸೋತದ್ದು ಹೇಗೆ

ಮುಂಬೈಯಿಂದ ಊರಿಗೆ ಹೊರಟ ಚಾಲುಕ್ಯ ಎಕ್ಸ್‌ಪ್ರೆಸ್ಸಾಗಲಿ, ಗದಗ ಗಾಡಿಯಾಗಲಿ, ಬೋರ್ ಘಾಟ್ ಹತ್ತುವ ಮೊದಲು ಕರ್ಜತ್‌ನಲ್ಲಿ ಹಿಂದಿನಿಂದ ಎಂಜಿನ್ ಹಚ್ಚಿಸಿಕೊಳ್ಳುತ್ತದೆ. ನಮ್ಮ ಜನ ವಡಾ ಕಟ್ಟಿಸಿಕೊಳ್ಳಲು ಇಳಿಯುವುದು ಅಷ್ಟು ಹೊತ್ತಿನಲ್ಲೇ. ಮುಂದಿನ ಏರು 37 ಅಡಿಗೆ ಒಂದು ಅಡಿ. ಘಾಟ್ ಹತ್ತಿದ ಮೇಲೆ ಖಂಡಾಳಾ, ಲೋಣಾವಳ, ಕಾರ್ಲಾ ಗುಹೆಗಳ ಮಳವಲಿ, ಕಾಮ್‌ಶೇತ್, ವಡಗಾಂವ್, ತಳೇಗಾಂವ್ ಎಂದು ಕಿಟಕಿಯಾಚೆ ಬೋರ್ಡುಗಳು ಸರಿಯುತ್ತವೆ. 1778ರ ಡಿಸೆಂಬರಿನಿಂದ 1779ರ ಜನವರಿವರೆಗೆ ಇಂಗ್ಲಿಷ್ ಕುಂಪಣಿಯ ದಂಡೊಂದು ಇದೇ ಕಣಿವೆಯಲ್ಲಿ ಇದೇ ಕ್ರಮದಲ್ಲಿ ಮುಂದೆ ಬಂತು. ತಳೇಗಾಂವ್ ದಾಟಲಿಲ್ಲ. ವಾಪಸು ಹೋಗುವಾಗ ವಡಗಾಂವ್ ದಾಟಲಿಲ್ಲ.

ಇದನ್ನು ಮೊದಲನೇ ಆಂಗ್ಲೋ-ಮರಾಠಾ ಯುದ್ಧ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಬುಡ ನೋಡಿದರೆ ಇದು ಪೇಶ್ವೆ ಮನೆತನದ ದಾಯಾದಿ ಜಗಳ. 1773ರ ಆಗಸ್ಟ್ 30ರಂದು ಶನಿವಾರವಾಡೆಯಲ್ಲಿ ಹದಿಹರೆಯದ ಪೇಶ್ವೆ ನಾರಾಯಣರಾಯರ ಕೊಲೆಯಾಯಿತು, ಚಿಕ್ಕಪ್ಪ ರಘುನಾಥರಾವ್ ಗಾದಿಗೇರಿದರು. ಮರುವರ್ಷ ಏಪ್ರಿಲ್‌ನಲ್ಲಿ ನಾರಾಯಣರಾಯರ ವಿಧವೆಗೆ ಗಂಡು ಮಗು ಹುಟ್ಟಿತು. ನಾನಾ ಫಡ್ನವೀಸ್, ಸಖಾರಾಮ್ ಬಾಪು ಮೊದಲಾದ ಪುಣೆ ದರ್ಬಾರಿನ ಮುತ್ಸದ್ದಿಗಳ ಬಾರಾಭಾಯಿ ಕೂಟದವರು ಆ ಕೂಸನ್ನೇ ಪೇಶ್ವೆ ಮಾಡಿ ಚಿಕ್ಕಪ್ಪನನ್ನು ಹೊರಗಟ್ಟಿದರು. ರಘುನಾಥರಾವ್ ನೇರ ಮುಂಬೈ ಇಂಗ್ಲಿಷರ ಬಾಗಿಲಿಗೆ ಹೋದರು. ಮುಂಬೈ ಪಕ್ಕದ ಸಾಷ್ಟಿ, ವಸಯಿ ಕೊಡುತ್ತೇನೆ, ಗಾದಿ ಕೊಡಿಸಿ ಎಂಬ ಲೆಕ್ಕ. 1775ರಲ್ಲಿ ಗುಜರಾತಿನ ಅಡಾಸ್‌ನಲ್ಲಿ ಒಂದು ಕೈ ನೋಡಿದ್ದೂ ಆಯಿತು. ಕುಂಪಣಿಯ ಮೇಲಧಿಕಾರಿಗಳಾದ ಕಲ್ಕತ್ತೆಯವರು ಗದರಿಸಿ ಪುರಂದರದಲ್ಲಿ ಒಪ್ಪಂದ ಮಾಡಿಸಿದರೂ ಮುಂಬೈ ಕೌನ್ಸಿಲಿನ ಆಸೆ ತಣಿಯಲಿಲ್ಲ. ರಘುನಾಥರಾಯರನ್ನು ಗಾದಿಗೇರಿಸಲೆಂದೇ 1778ರಲ್ಲಿ ಈ ದಂಡು ಹೊರಟಿತು.

ವಡಗಾಂವ್ ಎಂದಕೂಡಲೇ ಮರಾಠಾ ಸರದಾರ ಮಹಾದಜಿ ಶಿಂಧೆಯ ಯುಕ್ತಿ, ಗನಿಮೀ ಕಾವಾ (ಮರಾಠರ ಗೆರಿಲ್ಲಾ ಯುದ್ಧ) ಎಂಬ ಎರಡು ಮಾತಿನಲ್ಲಿ ಕತೆ ಮುಗಿಸುವುದು ರೂಢಿ. ಯುಕ್ತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಈ ದಂಡು ಸೋತದ್ದು ವಡಗಾಂವ್‌ನಲ್ಲಿ ಅಲ್ಲ, ಖಂಡಾಳಾದಿಂದ ಕಾರ್ಲಾಕ್ಕೆ ಬರುವ ದಾರಿಯಲ್ಲಿ. ಅಲ್ಲಿ ಅದನ್ನು ಕಟ್ಟಿಹಾಕಿದ್ದು ಅದರದೇ ಎತ್ತುಗಳು.

ಮೊದಲು ತಲೆ ಎಣಿಸೋಣ. ಹೊರಟ ಸೈನಿಕರು ಸುಮಾರು 3,900. ಅದರಲ್ಲಿ ಆರುನೂರರಷ್ಟು ಗೋರಾ ಕಾಲಾಳು, ಹೆಚ್ಚಿನವರು ದೇಶಿ ಸಿಪಾಯಿಗಳು, ಜೊತೆಗೆ ತೋಪಿನವರು. ರಘುನಾಥರಾಯರ ಕಡೆಯ ಸವಾರರನ್ನು ಬಿಟ್ಟರೆ ಕುದುರೆ ಬಲ ಇಲ್ಲವೆಂದೇ ಹೇಳಬೇಕು. ಸಾಮಾನಿಗೆ ಇದ್ದ ಎತ್ತುಗಳು ಮಾತ್ರ 19,000. ಒಬ್ಬ ಸೈನಿಕನಿಗೆ ಸುಮಾರು ಐದು ಎತ್ತು!

ಒಕ್ಕಲುತನದ ಮನೆಯವರಿಗೆ ಈ ಸಂಖ್ಯೆಯ ಭಾರ ಬೇಗ ತಿಳಿಯುತ್ತದೆ. ಹೇರು ಹೊತ್ತ ಒಂದು ಎತ್ತಿಗೆ ನಡೆಯಲು ಮೂರು ಮೀಟರ್ ಜಾಗ ಹಿಡಿಯಿರಿ. ಒಂದರ ಹಿಂದೊಂದು ನಿಲ್ಲಿಸಿದರೆ 57 ಕಿ.ಮೀ. ಸಾಲು; ಪುಣೆ ಸ್ಟೇಷನ್ನಿನಿಂದ ಲೋಣಾವಳಕ್ಕೆ ರೈಲು ದಾರಿ 64. ನಾಲ್ಕು ನಾಲ್ಕು ಜೋಡಿಸಿ ನಡೆಸಿದರೂ ಸಾಲು 14 ಕಿ.ಮೀ.ಗೆ ಇಳಿಯುತ್ತದೆ, ಅಷ್ಟೇ. ಖಂಡಾಳಾದಿಂದ ಕಾರ್ಲಾಕ್ಕೆ ಇರುವುದೇ ಸುಮಾರು 13. ಎಲ್ಲವನ್ನೂ ಒಂದೇ ಸಲಕ್ಕೆ ಹೊರಡಿಸಿದರೆ ಮುಂದಿನ ಎತ್ತು ಕಾರ್ಲಾ ಮುಟ್ಟಿದಾಗ ಹಿಂದಿನದು ಇನ್ನೂ ಖಂಡಾಳಾದಲ್ಲಿ ಮೆಲುಕು ಹಾಕುತ್ತಿರುತ್ತದೆ. ಅಷ್ಟುದ್ದದ ಸಾಲಿಗೆ ಎರಡೂ ಬದಿ ಕಾವಲು ಹಾಕಲು ನಾಲ್ಕು ಸಾವಿರ ಬಂದೂಕು ಎಲ್ಲಿ ಸಾಲುತ್ತದೆ?

ಹೊಟ್ಟೆಯ ಮಾತು ಇನ್ನೊಂದು. ಎತ್ತಿಗೆ ದಿನಕ್ಕೆ ಆರು ಕಿಲೋ ಒಣಮೇವು ಎಂದು ಕೈಹಿಡಿದು ಲೆಕ್ಕ ಹಾಕಿದರೂ ದಿನಕ್ಕೆ 114 ಟನ್ ಆಗುತ್ತದೆ. ಅಷ್ಟು ಮೇವನ್ನು ಯಾರೂ ಹೊತ್ತು ತರುವುದಿಲ್ಲ. ತರಲು ಹೋದರೆ ಅದಕ್ಕೇ ಮತ್ತಷ್ಟು ಎತ್ತು ಬೇಕು. ದಾರಿಯ ಊರುಗಳಲ್ಲೇ ಸಿಗಬೇಕು. ಮಾವಳ ಭತ್ತದ ಸೀಮೆ, ಡಿಸೆಂಬರ್ ಹೊತ್ತಿಗೆ ಕೊಯ್ಲು ಮುಗಿದು ಬಣವೆಗಳು ಎದ್ದಿರುತ್ತವೆ. ಇಂದ್ರಾಯಣಿಯಲ್ಲಿ ನೀರಿಗೂ ಬರವಿಲ್ಲ. ಹಾಗಾಗಿ ಹೊರಟ ಕಾಲ ತಪ್ಪಲ್ಲ. ಆದರೆ ಬಣವೆಗೆ ಒಂದು ಕಿಡಿ ಸಾಕು, ಮರಾಠರು ಮಾಡಿದ್ದೂ ಅದನ್ನೇ. ಬೇಗ ನಡೆಯುವ ದಂಡಾದರೆ ಇವತ್ತು ಸುಟ್ಟ ಊರನ್ನು ಬಿಟ್ಟು ನಾಳೆ ಸುಡದ ಊರನ್ನು ಹಿಡಿಯುತ್ತದೆ. ಕುಂಟುವ ದಂಡಿಗೆ ಸಿಗುವುದು ಬೂದಿಯೇ.

ಇನ್ನು ಘಾಟ್. ಬೋರ್ ಘಾಟಿನಲ್ಲಿ ಗಾಡಿ ಹೋಗುವ ರಸ್ತೆ ತೆರೆದದ್ದು 1830ರಲ್ಲಿ, ರೈಲು 1863ರಲ್ಲಿ. 1778ರಲ್ಲಿ ಇದ್ದದ್ದು ಹೇರೆತ್ತಿನ ಜಾಡು. ನವೆಂಬರ್ ಕೊನೆಗೆ ಕ್ಯಾಪ್ಟನ್ ಜೇಮ್ಸ್ ಸ್ಟುವರ್ಟ್ ಆರು ಗ್ರೆನೇಡಿಯರ್ ಕಂಪನಿಗಳೊಂದಿಗೆ ಹೋಗಿ ಘಾಟಿನ ತಲೆಯನ್ನು ಸಲೀಸಾಗಿ ಹಿಡಿದುಬಿಟ್ಟ. ಆಗ ಪುಣೆಯವರ ದಂಡು ಪೂರ್ತಿ ಕೂಡಿರಲಿಲ್ಲ. ಮುಖ್ಯ ದಂಡು ಮಾತ್ರ ಪನ್ವೇಲ್‌ನಿಂದ ಖೋಪೋಲಿಗೆ ಬಂದು, ತೋಪು ಎಳೆಯಲು ದಾರಿ ಕಡಿದು, ಮೇಲೆ ಮುಟ್ಟಿದ್ದು ಡಿಸೆಂಬರ್ 23ಕ್ಕೆ. ಗೆದ್ದ ಒಂದು ತಿಂಗಳನ್ನು ಅಲ್ಲೇ ಚೆಲ್ಲಿದರು. ಮಹಾದಜಿ ಶಿಂಧೆ, ತುಕೋಜಿ ಹೋಳ್ಕರ್, ಹರಿಪಂತ ಫಡ್ಕೆ ಮೂವರ ದಂಡು ಒಟ್ಟುಗೂಡಲು ಆ ತಿಂಗಳು ಧಾರಾಳವಾಯಿತು.

ಅಲ್ಲಿಂದ ಮುಂದೆ ಕರ್ನಲ್ ಎಗರ್ಟನ್ ದಂಡನ್ನು ಎರಡು ಬ್ರಿಗೇಡು, ಒಂದು ಮುಂಪಡೆ ಎಂದು ಒಡೆದು ಮೆಟ್ಟಿಲು ಮೆಟ್ಟಿಲಾಗಿ ಸರಿಸುತ್ತ ಬಂದ. ಒಂದು ತುಕಡಿ ಮುಂದೆ ಹೋಗಿ ನಿಲ್ಲುವುದು, ಹಿಂದಿನದು ಎತ್ತು ಹೊಡೆದುಕೊಂಡು ಬಂದು ಕೂಡಿಕೊಳ್ಳುವುದು. ಕಾಗದದ ಮೇಲೆ ಬಲು ಭದ್ರ. ಫಲ ನೋಡಿ: ಕಾರ್ಲಾಕ್ಕೆ ಹನ್ನೊಂದು ದಿನ, ಅಂದರೆ ದಿನಕ್ಕೆ ಒಂದೂಕಾಲು ಕಿ.ಮೀ. ಕೂಡ ಇಲ್ಲ. ನಿಂತ ದಂಡಿಗೆ ಗುರಿ ಇಡುವುದು ಸುಲಭ. ಮರಾಠರ ತೋಪಖಾನೆಯ ಭೀವರಾವ್ ಪಾನಸೆಯ ತೋಪುಗಳು, ಬದಿಯ ಗುಡ್ಡಗಳಿಂದ ಬಾಣ ಬಿರುಸುಗಳು. ಡಿಸೆಂಬರ್ 31ರಂದು ಕರ್ನಲ್ ಕೇ ಸಾವಿನ ಗಾಯ ತಿಂದ. ಜನವರಿ 4ರಂದು ಕಾರ್ಲಾದಲ್ಲಿ ಸ್ಟುವರ್ಟ್ ಸತ್ತ. ದಂಡಿನಲ್ಲಿ ಚುರುಕಾಗಿದ್ದವನು ಅವನೊಬ್ಬನೇ ಎಂದರೂ ನಡೆಯುತ್ತದೆ. ಮರಾಠರೇ ಅವನನ್ನು ಮೆಚ್ಚಿ ‘ಇಷ್ಟೂರ್ ಫಾಕಡೆ’, ಅಂದರೆ ಗಂಡೆದೆಯ ಸ್ಟುವರ್ಟ್, ಎಂದು ಕರೆದರು.

ಆಜ್ಞೆ ಕೊಡುವವರು ಯಾರು ಎಂಬುದೇ ಇಲ್ಲಿ ಗೊಂದಲ. ದಂಡಿಗೆ ದಳವಾಯಿ ಒಬ್ಬ ಇರಲಿಲ್ಲ, ಮೂವರ ಕಮಿಟಿ ಇತ್ತು, ಬಹುಮತದ ತೀರ್ಮಾನ. ಎಗರ್ಟನ್ ಯೂರೋಪಿನ ಯುದ್ಧ ಕಂಡವನು, ಇಲ್ಲಿನ ರೀತಿ ತಿಳಿಯದವನು, ಮೇಲಾಗಿ ಕಾಯಿಲೆ ಮನುಷ್ಯ. ಜಾನ್ ಕಾರ್ನಾಕ್ ಕೌನ್ಸಿಲಿನ ಸದಸ್ಯ. ತನಗೆ ಎಷ್ಟು ಸೇನಾ ಮರ್ಯಾದೆ ಸಲ್ಲಬೇಕು ಎಂದು ಎಗರ್ಟನ್ ಜೊತೆ ಜಗಳ. ಮೂರನೆಯ ಮೋಸ್ಟಿನ್ ಪುಣೆ ದರ್ಬಾರಿನಲ್ಲಿ ಇಂಗ್ಲಿಷರ ವಕೀಲ, ಅಂದರೆ ರಾಯಭಾರಿ, ಆಗಿದ್ದವನು, ಯಾರು ಯಾರ ಕಡೆ ಎಂದು ಬಲ್ಲ ಒಬ್ಬನೇ. ಅವನೇ ಜಡ್ಡು ಬಿದ್ದು ಮುಂಬೈಗೆ ಮರಳಿ ಜನವರಿ 1ರಂದು ತೀರಿಕೊಂಡ. 6ನೇ ತಾರೀಖು ಎಗರ್ಟನ್ ಕೂಡ ಹುದ್ದೆ ಬಿಟ್ಟ. ಊರಿಗೆ ಹೋಗೋಣವೆಂದರೆ ಹಿಂದಿನ ದಾರಿಯನ್ನು ಮರಾಠರು ಕತ್ತರಿಸಿದ್ದರು, ಹಾಗಾಗಿ ದಂಡಿನ ಜೊತೆಗೇ ಉಳಿದ. ದಂಡಿನ ಅಧಿಕಾರ ಕೆಳಗಿನ ಸೇನಾಧಿಕಾರಿ ಕಾಕ್‌ಬರ್ನ್‌ಗೆ ಬಂತು.

ಎಲ್ಲಕ್ಕಿಂತ ಕೆಳಗಿನ ಪಾಯವೇ ಟೊಳ್ಳಾಗಿತ್ತು. ದಂಡು ಹೊರಟದ್ದು ಪುಣೆಯನ್ನು ಮುತ್ತಿ ಗೆಲ್ಲಲು ಅಲ್ಲ. ರಘುನಾಥರಾವ್ ಘಾಟ್ ಹತ್ತಿದರೆ ಸಾಕು, ಸರದಾರರು ಒಬ್ಬೊಬ್ಬರಾಗಿ ಬಂದು ಕೂಡುತ್ತಾರೆ ಎಂಬ ನಂಬಿಕೆ. 1778ರ ಮೊದಲರ್ಧದಲ್ಲಿ ಆ ನಂಬಿಕೆಗೆ ಆಧಾರ ಇತ್ತು ಕೂಡ: ನಾನಾನ ದಾಯಾದಿ ಮೋರೋಬಾ ಫಡ್ನವೀಸ್ ಪುಣೆಯಲ್ಲೇ ಪಿತೂರಿ ಕಟ್ಟಿದ್ದ, ತುಕೋಜಿ ಹೋಳ್ಕರ್ ಅದರ ಬೆನ್ನಿಗಿದ್ದ. ಜುಲೈಯಲ್ಲಿ ಮಹಾದಜಿ ಬಂದು ನಿಂತ, ಮೋರೋಬಾ ಅಹಮದನಗರದ ಕೋಟೆ ಸೇರಿದ, ತುಕೋಜಿ ನಾನಾ ಕಡೆ ವಾಲಿದ. ಒಳಗಿಂದ ಬಾಗಿಲು ತೆಗೆಯಬೇಕಿದ್ದವನು ಜೈಲಿಗೆ ಹೋಗಿ ನಾಲ್ಕು ತಿಂಗಳಾದ ಮೇಲೆ ಮುಂಬೈಯವರು ಬಾಗಿಲು ತಟ್ಟಲು ಹೊರಟರು. ಬಂಗಾಳದಿಂದ ನೆಲದ ಮೇಲೆ ಬರುತ್ತಿದ್ದ ಕುಂಪಣಿಯ ಇನ್ನೊಬ್ಬ ಸೇನಾಧಿಕಾರಿ ಗಾಡರ್ಡ್‌ನ ದಂಡಿಗೂ ಕಾಯಲಿಲ್ಲ.

ಜನವರಿ 9ಕ್ಕೆ ತಳೇಗಾಂವ್. ಊರು ಖಾಲಿ, ಸುಟ್ಟು ಕರಿ. ಮುಂದೆ ಚಿಂಚ್‌ವಾಡವನ್ನೂ, ಬೇಕಾದರೆ ಪುಣೆಯನ್ನೇ ಸುಡುತ್ತಾರೆ ಎಂಬ ಸುದ್ದಿ. ಪುಣೆ ಇನ್ನು ಸುಮಾರು 30 ಕಿ.ಮೀ., ಕೈಯಲ್ಲಿ ಹದಿನೆಂಟು ದಿನದ ದಿನಸಿ. ಗಟ್ಟಿ ದಂಡಿಗೆ ಎರಡು ದಿನದ ನಡಿಗೆ. ದಂಡನ್ನು ಪುಣೆಗೆ ಮುಟ್ಟಿಸಬಲ್ಲೆ, ಎತ್ತುಗಳನ್ನು ಕಾಪಾಡಲಾರೆ ಎಂಬುದು ಕಾಕ್‌ಬರ್ನ್‌ನ ಅಭಿಪ್ರಾಯ. ಅರ್ಧ ಹೇರು ಬಿಟ್ಟು ಮುನ್ನುಗ್ಗಬಹುದಿತ್ತು. ಅಲ್ಲೇ ಬೇರೂರಿ ಮಾತುಕತೆಗೆ ಕರೆಯಬಹುದಿತ್ತು. ರಘುನಾಥರಾವ್ ಕೂಡ ಹಿಂದಿರುಗಬೇಡಿ ಎಂದರು. ಕಾರ್ನಾಕ್ ಆರಿಸಿದ್ದು ಮೂರನೆಯದನ್ನು, ಎಲ್ಲಕ್ಕಿಂತ ಕೆಟ್ಟದ್ದನ್ನು.

11ರ ರಾತ್ರಿ ಹನ್ನೊಂದರ ಹೊತ್ತಿಗೆ ಭಾರಿ ತೋಪುಗಳನ್ನು ತಳೇಗಾಂವ್‌ನ ಕೆರೆಗೆ ತಳ್ಳಿ, ದಿನಸಿಗೆ ಬೆಂಕಿ ಇಟ್ಟು, ಗುಟ್ಟಾಗಿ ಹಿಂದೆ ಹೊರಟರು. ಗುಟ್ಟಾಗಿ! ಉರಿಯುವ ಉಗ್ರಾಣದ ಬೆಳಕಿನಲ್ಲಿ, ಸಾವಿರಾರು ಎತ್ತುಗಳ ಗದ್ದಲದಲ್ಲಿ. ಹೊರಟ ಸೈನಿಕರು 2,600, ಸುತ್ತ ಮರಾಠರು ಸುಮಾರು 50,000. ರಾತ್ರಿ ಎರಡಕ್ಕೆ ಗುಂಡು ಶುರು. ಬಾಲದಲ್ಲಿ ಕ್ಯಾಪ್ಟನ್ ಹಾರ್ಟ್ಲಿ ಗ್ರೆನೇಡಿಯರ್‌ಗಳನ್ನು ಹಿಡಿದು ಗಟ್ಟಿಯಾಗಿ ಕಾದಾಡಿದ್ದರಿಂದ 12ರಂದು ದಂಡು ವಡಗಾಂವ್ ಸೇರಿತು. ಇವತ್ತಿನ ಲೋಕಲ್‌ಗೆ ಅದು ಒಂದೇ ಸ್ಟೇಷನ್ನಿನ ದೂರ. ಊರೊಳಗೆ ಸೈನಿಕ, ಆಳು, ಎತ್ತು ಎಲ್ಲ ಒಂದರ ಮೇಲೊಂದು ಬಿದ್ದು ಸಾಲು ಕಟ್ಟುವುದೂ ಕಷ್ಟವಾಯಿತು. ಅಷ್ಟರಲ್ಲಿ ಸತ್ತವರು, ಗಾಯಗೊಂಡವರು 350ಕ್ಕೂ ಹೆಚ್ಚು. 13ರಂದು ತೋಪುಗಳು ಮತ್ತೆ ಮೊರೆದವು. ಕಾಕ್‌ಬರ್ನ್ ಇನ್ನು ಹೆಜ್ಜೆ ಕೀಳಲಾಗದು ಎಂದ, ಸಂಧಾನಕ್ಕೆ ಕಮಿಟಿಯ ಕಾರ್ಯದರ್ಶಿ ಫಾರ್ಮರ್‌ನನ್ನು ಕಳಿಸಿದರು.

ಕರಾರಿನ ಸಾರ ಚಿಕ್ಕದು. 1773ರ ನಂತರ ಹಿಡಿದದ್ದೆಲ್ಲ, ಸಾಷ್ಟಿ ಸಮೇತ, ವಾಪಸು. ಶಿಂಧೆಗೆ ಭರೂಚ್, ಅವನ ನೌಕರರಿಗೆ 41,000 ರೂಪಾಯಿ. ಇಬ್ಬರು ಒತ್ತೆಯಾಳು. ಮುಂಬೈಯೂ ಕಲ್ಕತ್ತೆಯೂ ಇದನ್ನು ಒಪ್ಪಲಿಲ್ಲ. ಕಾರ್ನಾಕ್, ಎಗರ್ಟನ್, ಕಾಕ್‌ಬರ್ನ್ ಮೂವರನ್ನೂ ಕುಂಪಣಿ ಕೆಲಸದಿಂದ ತೆಗೆಯಿತು. ಪುಣೆಯವರು ಹೀಗೆ ಮನೆಜಗಳದಲ್ಲಿ ಮುಳುಗಿದ್ದ ವರ್ಷಗಳಲ್ಲೇ ಹೈದರ್ ಅಲಿ ಕೃಷ್ಣೆಯ ದಂಡೆವರೆಗೆ ಕೈಚಾಚಿದ. ಚಿತ್ರದುರ್ಗ ಬಿದ್ದದ್ದೂ 1779ರಲ್ಲೇ.

ನಡಿಗೆಯ ಮಾತಿಗೆ ಮರಳಿದರೆ, ವಡಗಾಂವ್ ಸುದ್ದಿ ಕೇಳಿದ ಗಾಡರ್ಡ್ ಅದೇ ಫೆಬ್ರವರಿಯಲ್ಲಿ ಬುರ್ಹಾನ್‌ಪುರದಿಂದ ಸೂರತ್‌ಗೆ, ಸುಮಾರು 480 ಕಿ.ಮೀ. ದಾರಿಯನ್ನು, ಇಪ್ಪತ್ತು ದಿನದಲ್ಲಿ ಕ್ರಮಿಸಿದ. ದಿನಕ್ಕೆ 24. ಹೀಗೆ ನಡೆಯಬಲ್ಲವನೇ 1781ರ ಫೆಬ್ರವರಿಯಲ್ಲಿ ಬೋರ್ ಘಾಟ್ ಹತ್ತಿ ಖಂಡಾಳಾದಲ್ಲಿ ಕೂತ, ಪುಣೆ ಬೆದರಿ ಸಂಧಿಗೆ ಬರುತ್ತದೆಂದು. ಪುಣೆ ಬೆದರಲಿಲ್ಲ. ನಮ್ಮ ಜಮಖಂಡಿ, ಮಿರಜ್ ಕಡೆಯವರಿಗೆ ಪರಿಚಿತವಾದ ಪಟವರ್ಧನ ಮನೆತನದ ಪರಶುರಾಮ ಭಾವೂ ಕೆಳಗೆ ಕೊಂಕಣದಲ್ಲಿ ನಿಂತು, ಪನ್ವೇಲ್‌ನಿಂದ ಮೇಲೆ ಬರುವ ದಿನಸಿಯ ಎತ್ತುಗಳನ್ನು ಒಂದೊಂದು ಸಲವೂ ತಡೆದು ಹೊಡೆದ. ಏಪ್ರಿಲ್‌ನಲ್ಲಿ ಗಾಡರ್ಡ್ 400ಕ್ಕೂ ಹೆಚ್ಚು ಜನರ ಸಾವುನೋವಿನೊಂದಿಗೆ ಘಾಟ್ ಇಳಿದು ಪನ್ವೇಲ್ ಸೇರಿದ.