‘ಒಂದೇ ಒಂದು ಕಾದಂಬರಿ ಹೇಳ್ರಿ’ ಎನ್ನುವವರಿಗೆ

ಉತ್ತರವನ್ನು ಮೊದಲೇ ಬರೆದುಬಿಡುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಕಾದಂಬರಿ ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’. ಅದು ಪ್ರಕಟವಾದದ್ದು 1956ರಲ್ಲಿ. ಹೆಸರಷ್ಟೇ ಬೇಕಾಗಿದ್ದವರು ಇಲ್ಲಿಂದಲೇ ಹೊರಡಬಹುದು. ಉಳಿದವರಿಗೆ, ಈ ಪ್ರಶ್ನೆ ನನ್ನನ್ನು ಇಷ್ಟೊಂದು ಕೆರಳಿಸುವುದು ಯಾಕೆಂದು ಹೇಳುತ್ತೇನೆ.

ನನ್ನ ಮನೆ ಧಾರವಾಡದಲ್ಲಿದೆ, ಕೆಲಸ ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ. ದಿನಾಲು ಚಿಗರಿ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರ್ ಹೋಗಿ ಬರುವ ನನ್ನ ಕೈಯಲ್ಲಿ ಯಾವುದಾದರೊಂದು ಕಾದಂಬರಿ ಇದ್ದೇ ಇರುತ್ತದೆ. ಹೀಗಾಗಿ ಪಕ್ಕದ ಸೀಟಿನವರು, ಕೌಂಟರಿನ ಆಚೆ ನಿಂತವರು, ಮದುವೆಯ ಪಂಕ್ತಿಯಲ್ಲಿ ಎದುರಿಗೆ ಕೂತವರು, ಎಲ್ಲರೂ ಇದೇ ಪ್ರಶ್ನೆಯನ್ನು ಕೇಳುತ್ತಾರೆ. ಓದುವ ಆಸೆಯಿಂದ ಕೇಳುವವರು ನೂರಕ್ಕೊಬ್ಬರು. ಅವರಿಗೆ ನಾನು ಪುಸ್ತಕವನ್ನೇ ಕೊಟ್ಟು ಕಳಿಸಿದ್ದೇನೆ. ಮಿಕ್ಕವರ ಪ್ರಶ್ನೆಗೆ ಬಾಲಗಳಿರುತ್ತವೆ: ‘ಒಂದೇ ಒಂದು ಹೇಳ್ರಿ’, ‘ಒಂದ ಮಾತಿನ್ಯಾಗ ಹೇಳ್ರಿ’, ‘ಅದರಿಂದ ನೀವೇನು ಕಲತ್ರಿ?’ ಮೂರು ನೂರು ಪುಟ ಓದಿದವಳು ಅವರಿಗೆ ಮೂರು ಶಬ್ದಗಳ ಲೆಕ್ಕ ಒಪ್ಪಿಸಬೇಕು. ಕಾದಂಬರಿ ಓದುವುದು ನನಗೆ ಹಬ್ಬದ ಕೆಲಸವಲ್ಲ, ದಿನದ ಕೆಲಸ. ದಿನಾ ಉಣ್ಣುವ ರೊಟ್ಟಿಯಿಂದ ಏನು ಕಲಿತಿರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಸ್ವಲ್ಪ ತಿಳಿದವರದು ಇನ್ನೊಂದು ಬಗೆ. ‘ಪುಣೇಕರರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1988ರಲ್ಲಿ, ಅದೂ ‘ಅವಧೇಶ್ವರಿ’ಗೆ, ಅಂದಮೇಲೆ ಅದೇ ದೊಡ್ಡದಲ್ಲವೇ?’ ಎಂದು ನನ್ನನ್ನು ತಿದ್ದುತ್ತಾರೆ. ಅದು ದೊಡ್ಡದಿರಬಹುದು. ನಾನು ದೊಡ್ಡದು ಯಾವುದೆಂದು ಹೇಳಲಿಲ್ಲ, ಇಷ್ಟವಾದದ್ದು ಯಾವುದೆಂದು ಹೇಳಿದೆ. ಧಾರವಾಡದ ಕಾಲೇಜಿನಲ್ಲಿ ಓದುವಾಗ ಮೊದಲ ಸಲ ‘ಗಂಗವ್ವ ಗಂಗಾಮಾಯಿ’ಯನ್ನು ತೆರೆದ ದಿನ ನನಗಾದದ್ದು ಬೆರಗಿಗಿಂತ ಹೆಚ್ಚಾಗಿ ನಿರಾಳ. ಅಲ್ಲಿಯವರೆಗೆ ಪುಸ್ತಕದ ಕನ್ನಡ ಬೇರೆ, ನಮ್ಮ ಮನೆಯ ಕನ್ನಡ ಬೇರೆ, ಮನೆಯದನ್ನು ಹೊಸ್ತಿಲ ಒಳಗೇ ಬಿಟ್ಟು ಬರಬೇಕು ಎಂದು ನಂಬಿದ್ದೆ. ತರಗತಿಯಲ್ಲಿ ಬಾಯಿ ತಪ್ಪಿ ‘ಹೋಗೂಣು’ ಎಂದು ಕೆಂಪಗಾದವಳು ನಾನು. ಇಲ್ಲಿ ನೋಡಿದರೆ ಇಂಗ್ಲಿಷ್ ಕಲಿಸುವ ಒಬ್ಬ ಪ್ರಾಧ್ಯಾಪಕರು ಧಾರವಾಡದ ಮಂದಿ ಮಾತಾಡುವ ಹಾಗೆಯೇ ಮಾತಾಡುವ ಜನರನ್ನು ಅಚ್ಚಿನಲ್ಲಿ ಕೂಡ್ರಿಸಿದ್ದರು, ಮತ್ತು ಆ ಜನರು ಆ ಮಾತಿನಲ್ಲೇ ಅತ್ತಿದ್ದರು, ವ್ಯವಹಾರ ಮಾಡಿದ್ದರು, ದ್ವೇಷ ಸಾಧಿಸಿದ್ದರು. 1928ರಲ್ಲಿ ಹುಟ್ಟಿದ ಪುಣೇಕರರಿಗೆ ಆಗ ಮೂವತ್ತು ಕೂಡ ತುಂಬಿರಲಿಲ್ಲ. ನನಗೆ ಈ ಪುಸ್ತಕದ ಮೇಲಿರುವ ಋಣ ಯಾವ ಪ್ರಶಸ್ತಿಯ ಪಟ್ಟಿಗೂ ಸಂಬಂಧಪಟ್ಟದ್ದಲ್ಲ.

ಈ ಪ್ರಶ್ನೆಯ ಮೇಲಿನ ನನ್ನ ಸಿಟ್ಟು ಗಟ್ಟಿಯಾದದ್ದು ಗದಗಿನಲ್ಲಿ, ದೊಡ್ಡಪ್ಪನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ. ಗೋಧಿ ಹುಗ್ಗಿಯ ಊಟವಾಗಿತ್ತು; ಗಂಡಸರೆಲ್ಲ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಒರಗಿದ್ದರು. ನಾನು ಕಂಬಕ್ಕೆ ಆತುಕೊಂಡು ಓದುತ್ತಿದ್ದುದನ್ನು ಕಂಡ ಒಬ್ಬ ದೂರದ ಮಾವ, ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಎಲ್ಲರಿಗೂ ಕೇಳುವಂತೆ ನನ್ನ ಮೆಚ್ಚಿನ ಕಾದಂಬರಿ ಯಾವುದೆಂದು ಕೇಳಿದರು. ಕೈಯಲ್ಲಿದ್ದದ್ದೇ ಅದು, ತೋರಿಸಿದೆ.

‘ಅದರಾಗ ಏನೈತಿ? ಒಂದ ಮಾತಿನ್ಯಾಗ ಹೇಳವಾ ನೋಡೂಣು.’

ಗಂಡನನ್ನು ಕಳೆದುಕೊಂಡ ಗಂಗವ್ವ, ಅವಳ ಒಡಹುಟ್ಟಿದ ರಾಘಪ್ಪ, ಗಂಗವ್ವನ ಮಗ, ರಾಘಪ್ಪನ ಮಗಳು ರತ್ನಾ, ಎರಡು ಮನೆಗಳ ನಡುವಿನ ವೈರ, ಅದರ ನಡುವೆ ಏಳುವ ಸಂಬಂಧದ ಪ್ರಶ್ನೆ ಎಂದು ನಾನು ಹೇಳಿದೆ. ಹೇಳುತ್ತಿದ್ದಂತೆಯೇ ನನ್ನ ಬಾಯಲ್ಲಿ ಆ ಪುಸ್ತಕ ಒಣಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು.

‘ಇಷ್ಟೇನ? ಇಂಥಾದ್ದು ನಮ್ಮ ಮನ್ಯಾಗೂ ನಡದೈತಿ. ಅದಕ್ಕ ಪುಸ್ತಕ ಯಾಕ ಬೇಕು?’

ಪಡಸಾಲೆ ನಕ್ಕಿತು. ನಾನು ಸುಮ್ಮನಾದೆ. ಅಂದು ಹೇಳಬೇಕಾಗಿದ್ದದ್ದನ್ನು ಈಗ ಹೇಳುತ್ತೇನೆ. ಮಾವನವರೇ, ನಮ್ಮ ಮನೆಯಲ್ಲಿ ನಡೆದಾಗ ನಾವು ಅದನ್ನು ನೋಡಲಿಲ್ಲ. ನಮ್ಮ ಅಪ್ಪ ಮತ್ತು ಅವರ ಅಕ್ಕ ಬಾವಿಯ ಪಾಲಿನ ಸಲುವಾಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಆ ಹನ್ನೊಂದು ವರ್ಷ ನಾನು ಅಪ್ಪನ ಅಂಗಳದಲ್ಲಿ ಮಾತ್ರ ನಿಂತಿದ್ದೆ, ಅತ್ತೆಯ ಮನೆಯೊಳಗೆ ಆ ಸಿಟ್ಟು ಹೇಗೆ ಉಂಡಿತು, ಹೇಗೆ ಮಲಗಿತು ಎಂಬುದು ನನಗೆ ತಿಳಿದಿರಲಿಲ್ಲ. ಕಾದಂಬರಿಯಲ್ಲಿ ನಾನು ಗಂಗವ್ವನ ಮನೆಯಲ್ಲೂ ಕೂತೆ, ರಾಘಪ್ಪನ ಮನೆಯಲ್ಲೂ ಕೂತೆ. ಅದನ್ನು ಓದಿ ಮುಗಿಸಿದ ವಾರವೇ ಅತ್ತೆಯ ಊರಿಗೆ ಬಸ್ಸು ಹತ್ತಿದ್ದೆ. ಹಳೆಯ ಮಾತು ತೆಗೆಯಲಿಲ್ಲ. ಶೇಂಗಾ ಸುಲಿಯುತ್ತ ಕೂತು ಬಂದೆ, ಅಷ್ಟೇ. ಇದನ್ನು ‘ಏನು ಕಲಿತೆ’ ಎಂಬ ಪ್ರಶ್ನೆಗೆ ಉತ್ತರವೆಂದು ದಯವಿಟ್ಟು ಬರೆದುಕೊಳ್ಳಬೇಡಿ. ಹೋಗಬೇಕೆನ್ನಿಸಿತು, ಹೋದೆ.

ಆ ದಿನ ಪಡಸಾಲೆಯಿಂದ ಎದ್ದು ಅಡಿಗೆಮನೆಗೆ ಹೋದೆ. ದೊಡ್ಡವ್ವ ಸಂಜೆಯ ಮಂದಿಗೆ ರೊಟ್ಟಿ ಬಡಿಯುತ್ತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಹಂಚಿನ ಮೇಲಿನ ರೊಟ್ಟಿಗೆ ನೀರಿನ ಅರಿವೆ ಸವರುತ್ತ ಕೇಳಿದಳು:

‘ಅವರು ಏನರ ಅನ್ಲಿ. ನೀ ಯಾವಾಗ ಓದಾಕ ಕೂಡತಿ?’

ನಾನು ತಪ್ಪು ತಿಳಿದುಕೊಂಡೆ. ಮನೆಗೆಲಸ ಬಿಟ್ಟು ಓದಲು ನಿನಗೆ ಹೊತ್ತೆಲ್ಲಿ ಸಿಗುತ್ತದೆ ಎಂಬ ಆಕ್ಷೇಪ ಅದರಲ್ಲಿದೆ ಎಂದುಕೊಂಡು, ಮಾಡುವ ಕೆಲಸಗಳನ್ನೆಲ್ಲ ಹೇಳತೊಡಗಿದೆ. ಅವಳು ತಡೆದಳು. ‘ಅದಲ್ಲ. ನಂದೂ ಒಂದು ತಾಸು ಐತಿ. ರೊಟ್ಟಿ ಮುಗದು, ಎಲ್ಲಾರೂ ಉಂಡು ಹೋಗಿ, ಕೈ ತೊಳಕೊಂಡು ಹಿತ್ತಲ ಹೊಸ್ತಿಲದಾಗ ಕೂತು ಎಲಿ ಅಡಕಿ ಹಾಕ್ಕೊಂತೀನಿ. ಎಮ್ಮಿ ಹಿಂಡೂ ಹೊತ್ತಿನತನಕ ಯಾರ ಕರದ್ರೂ ಏಳಂಗಿಲ್ಲ. ನಿಂದು ಯಾವ ಹೊತ್ತು ಅಂತ ಕೇಳಿದೆ.’

ನನಗೆ ಬೇಕಾಗಿದ್ದ ಪ್ರಶ್ನೆ ಇದೇ ಎಂಬುದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಯಾವ ಪುಸ್ತಕ ಎಂದು ಕೇಳಿದರೆ ಪರೀಕ್ಷೆಗೆ ಕೂತ ಹಾಗಾಗುತ್ತದೆ. ಯಾವ ಹೊತ್ತು ಎಂದು ಕೇಳಿದರೆ ನಾನು ಬಾಯಿ ಮುಚ್ಚದೆ ಹೇಳಬಲ್ಲೆ. ಹಲಗೆಯ ಮೇಲೆ ಕೂತು ಅವಳಿಗೆ ಹೇಳಿದೆ. ಬೆಳಿಗ್ಗೆ ಬಸ್ಸಿನಲ್ಲಿ ಓದುವುದು ಒಂದು ಹೊತ್ತು. ನವನಗರ ದಾಟುವವರೆಗೆ ಮನೆಯ ಚಿಂತೆ ಪುಟಗಳ ನಡುವೆ ನುಸುಳುತ್ತದೆ, ಆಮೇಲೆ ಪುಸ್ತಕ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡಿತು ಎನ್ನುವಷ್ಟರಲ್ಲಿ ಉಣಕಲ್ ಕೆರೆ ಕಾಣಿಸಿ ಇಳಿಯುವ ಸಿದ್ಧತೆ ಮಾಡಬೇಕಾಗುತ್ತದೆ. ಆ ಹೊತ್ತಿಗೆ ಸಣ್ಣ ಅಧ್ಯಾಯಗಳ, ಮಾತು ಹೆಚ್ಚಿರುವ ಕಾದಂಬರಿಯೇ ಆಗಬೇಕು. ಅರ್ಧಕ್ಕೆ ನಿಂತ ಸಂಭಾಷಣೆ ಇಡೀ ದಿನ ಕೌಂಟರಿನಲ್ಲಿ ನನ್ನ ಜೊತೆಗಿರುತ್ತದೆ. ನೋಟು ಎಣಿಸುವಾಗ ಆ ಜನ ಈಗ ಏನು ಮಾಡುತ್ತಿರಬಹುದು ಎನ್ನಿಸುವುದುಂಟು.

ಇನ್ನೊಂದು ಹೊತ್ತು ಶ್ರಾವಣದ ಭಾನುವಾರದ ಮಧ್ಯಾಹ್ನ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅರಿವೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ, ಯಾರೂ ಮನೆಗೆ ಬರುವುದಿಲ್ಲ. ಆಗ ಗಿರಮಿಟ್ಟು ಕಲಸುತ್ತೇನೆ. ಉಳ್ಳಾಗಡ್ಡಿಯ ಒಗ್ಗರಣೆಗೆ ಹುಣಸೆ ರಸ, ಬೆಲ್ಲ ಸೇರಿಸಿ ಕುದಿಸಿ, ಅದಕ್ಕೆ ಚುರಮುರಿ ಸುರಿದು, ಮೇಲೆ ಪುಠಾಣಿ ಹಿಟ್ಟು ಉದುರಿಸಿ ತಿರುವಿದ ಮರುಕ್ಷಣವೇ ತಿನ್ನಬೇಕು, ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ಆದ್ದರಿಂದ ಮೊದಲು ಗಿರಮಿಟ್ಟು, ಆಮೇಲೆ ಚಹಾ, ಆಮೇಲೆ ಕೈ ತೊಳೆದು ಪುಸ್ತಕ. ಆ ಹೊತ್ತಿಗೆ ನಾನು ತೆಗೆಯುವುದು ರಾವಬಹಾದ್ದೂರರ ‘ಗ್ರಾಮಾಯಣ’ವನ್ನು. 1957ರ ಆ ದಪ್ಪ ಕಾದಂಬರಿಯಲ್ಲಿ ಪಾದಳ್ಳಿ ಎಂಬ ಊರೇ ನಾಯಕ. ಒಬ್ಬರ ಹಿಂದೆ ಒಬ್ಬರನ್ನು ಕಳೆದುಕೊಳ್ಳುತ್ತ ಆ ಊರು ಹಾಳಾಗುತ್ತ ಹೋಗುತ್ತದೆ. ಅಂಥ ದುಃಖದ ಪುಸ್ತಕವನ್ನು ಬಾಯಿ ಚಪ್ಪರಿಸಿದ ಬೆನ್ನಿಗೇ ಓದುವುದು ನಿರ್ದಯವೆಂದು ಸ್ನೇಹಿತೆಯೊಬ್ಬಳು ಹೇಳಿದ್ದಾಳೆ. ನನಗೆ ಹಾಗೆ ಅನ್ನಿಸಿಲ್ಲ. ಹೊಟ್ಟೆ ತುಂಬಿ, ಬೆಚ್ಚಗೆ ಕೂತಿರುವಾಗಲೇ ಪಾದಳ್ಳಿಯ ಕಷ್ಟವನ್ನು ಪುಟ ಹಾರಿಸದೆ ಓದುವ ತಾಳ್ಮೆ ನನಗೆ ಬರುತ್ತದೆ. ದಣಿದು ಬಂದ ರಾತ್ರಿಗಳಲ್ಲಿ ಹಲವು ಸಲ ಅದನ್ನು ಮುಚ್ಚಿಟ್ಟಿದ್ದೇನೆ.

ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಮುಲ್ಕಿ, ಅಂದರೆ ಹಿಂದಿನ ಕಾಲದ ಏಳನೇ ತರಗತಿಯ ಪರೀಕ್ಷೆ, ಪಾಸಾದವಳು, ತವರು ಹಾವೇರಿಯ ಕಡೆ. ಅವಳ ಅಜ್ಜಿಯ ಮನೆಯ ಅಡಿಗೆಮನೆಯ ನಾಗೊಂದಿಗೆಯ ಮೇಲೆ, ಉಪ್ಪಿನ ಗಡಿಗೆಯ ಬದಿಗೆ, ರಟ್ಟು ಕಿತ್ತುಹೋದ ಗಳಗನಾಥರ ಒಂದು ಪುಸ್ತಕವಿತ್ತಂತೆ. ಗಳಗನಾಥರೆಂದರೆ ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿ, 1869ರಿಂದ 1942ರವರೆಗೆ ಬದುಕಿದ್ದ ಶಾಲಾ ಮಾಸ್ತರರು. ಹರಿ ನಾರಾಯಣ ಆಪಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಓದುವವರು ಎಲ್ಲಿದ್ದಾರೋ ಅಲ್ಲಿಗೆ, ಅವರ ಬಾಗಿಲಿಗೆ ಕಾದಂಬರಿಯನ್ನು ಮುಟ್ಟಿಸಿದ ಆ ಮನುಷ್ಯನ ಬಗ್ಗೆ ನನಗಿರುವ ಪ್ರೀತಿಯನ್ನು ಹೇಳಲು ಇನ್ನೊಂದು ಬರಹವೇ ಬೇಕು. ‘ನಮ್ಮಜ್ಜಿ ಸಾರಿಗೆ ಕುದಿ ಬರೂತನಕ ಓದತಿದ್ಲು’ ಎಂದಳು ದೊಡ್ಡವ್ವ. ‘ಸಾರು ಉಕ್ಕಿದ್ರ ಪುಸ್ತಕಕ್ಕ ಬೈತಿದ್ಲು.’

ಹೊರಡುವಾಗ ಕೈಚೀಲದಲ್ಲಿದ್ದ ‘ಗಂಗವ್ವ ಗಂಗಾಮಾಯಿ’ಯನ್ನು ಅವಳಿಗೆ ಕೊಟ್ಟೆ. ಕಾಲೇಜಿನ ದಿನಗಳಿಂದ ನನ್ನ ಬಳಿಯಿದ್ದ ಪ್ರತಿ ಅದು. ಕೊಡುವಾಗ ಕೈ ಹಿಂದೆ ಮುಂದೆ ನೋಡಿತು.

ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಗದಗಿಗೆ ಹೋದಾಗ ಪಡಸಾಲೆಯಲ್ಲಿ ಅದೇ ಮಾವ ಕೂತಿದ್ದರು. ನಮಸ್ಕಾರ ಮಾಡಿ ನೇರವಾಗಿ ಒಳಗೆ ಹೋದೆ. ದೊಡ್ಡವ್ವ ಹಿತ್ತಲ ಹೊಸ್ತಿಲಲ್ಲಿದ್ದಳು, ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಪುಸ್ತಕ ಮಡಿಲಲ್ಲಿತ್ತು. ಪುಟಗಳ ಅಂಚಿಗೆ ಅಲ್ಲಲ್ಲಿ ಅರಿಷಿಣದ ಬೆರಳು ಮೂಡಿತ್ತು. ಅರ್ಧಕ್ಕಿಂತ ತುಸು ಮುಂದೆ ಒಂದು ಕಡೆ ಕಡ್ಡಿಪೆಟ್ಟಿಗೆಯ ರಟ್ಟು ಇಟ್ಟಿದ್ದಳು. ನಾನು ಪಕ್ಕದಲ್ಲಿ ಕೂತು, ರಾಘಪ್ಪನ ವಿಷಯ ತೆಗೆಯಲು ಬಾಯಿ ತೆರೆದೆ.

‘ಸುಮ್ನಿರವಾ’ ಎಂದಳು. ‘ಮುಂದಿಂದು ಹೇಳಬ್ಯಾಡ.’