ನಿಮ್ಮ ನಂತರ ಇವನಿಗೆ ಯಾರು?

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ: ‘ನಿಮ್ಮ ನಂತರ ಇವನಿಗೆ ಯಾರು?’ ಮಗ ಪಕ್ಕದಲ್ಲೇ ಕೂತಿರುತ್ತಾನೆ. ಅವನಿಗೀಗ 27. ಬೌದ್ಧಿಕ ಅಂಗವೈಕಲ್ಯ ಇದೆ, ಆದರೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ.

ಮೊದಲೆಲ್ಲ ‘ದೇವರಿದ್ದಾನೆ’ ಅಂದು ಪಾಯಸಕ್ಕೆ ಕೈ ಹಾಕುತ್ತಿದ್ದೆ. ಈಗ ‘ಆರು ಜನ ಇದ್ದಾರೆ’ ಅನ್ನುತ್ತೇನೆ. ಸೈಟು, ಎಫ್‌ಡಿ ಅಂತ ಏನೋ ಹೇಳುತ್ತಾಳೆ ಅಂದುಕೊಂಡವರು ಮುಖ ನೋಡುತ್ತಾರೆ.

ಇದು ನನ್ನ ತಲೆಯಿಂದ ಬಂದದ್ದಲ್ಲ. ಕೆನಡಾದ ವ್ಯಾಂಕೋವರ್ ಕಡೆ 1989ರಲ್ಲಿ ನಮ್ಮಂಥ ಕೆಲವು ಅಪ್ಪ ಅಮ್ಮಂದಿರು ‘ಪ್ಲ್ಯಾನ್’ ಅಂತ ಒಂದು ಸಂಸ್ಥೆ ಕಟ್ಟಿದರು. ಅವರನ್ನು ಕಾಡಿದ್ದೂ ಇದೇ ಪ್ರಶ್ನೆ. ಮಗನೋ ಮಗಳೋ, ಒಬ್ಬೊಬ್ಬರ ಸುತ್ತ ಇಷ್ಟಪಟ್ಟು ಬರುವ ನಾಲ್ಕಾರು ಜನರನ್ನು ಸೇರಿಸುವುದು ಅವರ ದಾರಿ. ಬರುವವರಿಗೆ ಸಂಬಳವಿಲ್ಲ. ಆದರೆ ಅವರನ್ನು ಹುಡುಕಿ, ಕರೆದು, ಗುಂಪು ಚದುರದಂತೆ ನೋಡಿಕೊಳ್ಳುವ ಒಬ್ಬರಿಗೆ ಸಂಬಳವಿದೆ. ನನಗೆ ಹಿಡಿಸಿದ್ದು ಇದೇ.

ಆದರೂ ಮೊದಲು ನಾನೇ ಮಾಡಲು ಹೋದೆ. ನೆಂಟರನ್ನು ಕರೆದೆ, ಕೇಸರಿಬಾತ್ ಮಾಡಿದೆ, ಡಾಕ್ಟರ ಫೈಲು ತೆಗೆದು ಹುಟ್ಟಿದಾಗಿನಿಂದ ಎಲ್ಲ ಹೇಳಿದೆ. ಎಲ್ಲರ ಕಣ್ಣಲ್ಲೂ ನೀರು. ‘ಏನು ಬೇಕಾದ್ರೂ ಹೇಳಮ್ಮ’ ಅಂದು ಹೋದವರು ಮತ್ತೆ ಬರಲಿಲ್ಲ. ಅವರ ತಪ್ಪೇನಿಲ್ಲ. ಏನು ಬೇಕು ಅಂತ ನಾನು ಹೇಳಿರಲೇ ಇಲ್ಲ.

ಎರಡನೇ ಸಲ ನಮ್ಮ ಬೀದಿಯ ಒಬ್ಬ ಹುಡುಗಿಗೆ ಒಪ್ಪಿಸಿದೆ. ಎಂಎಸ್‌ಡಬ್ಲ್ಯೂ ಓದಿದ್ದಾಳೆ. ತಿಂಗಳಿಗಿಷ್ಟು ಅಂತ ಕೊಡುತ್ತೇನೆ. ಅವಳು ನನ್ನನ್ನು ಅಡುಗೆಮನೆಗೆ ಕಳಿಸಿ ಅವನನ್ನೇ ಕೇಳಿದಳು: ‘ನಿಂಗೆ ಯಾರು ಬಂದ್ರೆ ಖುಷಿ?’ ಮೊದಲ ಹೆಸರು ಬಸ್ ಸ್ಟ್ಯಾಂಡ್ ಹತ್ತಿರದ ಟೈಲರದ್ದು! ಇವನು ದಿನಾ ಅವರ ಅಂಗಡಿ ಮುಂದೆ ನಿಂತು ಬಸ್ಸಿನ ಬೋರ್ಡು ಓದುತ್ತಾನಂತೆ, ನನಗೆ ಗೊತ್ತೇ ಇರಲಿಲ್ಲ. ಚಿಕ್ಕಪ್ಪನ ಹೆಸರು ಬರಲೇ ಇಲ್ಲ. ಅವರು ಇನ್ನೂ ಮುನಿಸಿಕೊಂಡಿದ್ದಾರೆ.

‘ಇವನನ್ನು ನೋಡಿಕೊಳ್ಳಿ’ ಅಂತ ಅವಳು ಯಾರನ್ನೂ ಕೇಳುವುದಿಲ್ಲ. ಅದು ಕೇಳಿದವರ ಎದೆ ಒಡೆಯುವ ಮಾತು. ಟೈಲರ್‌ಗೆ ವಹಿಸಿದ್ದು ಇವನ ಜೊತೆ ಶನಿವಾರದ ಟೀ, ಅಷ್ಟೇ. ಗುಂಪಿನಲ್ಲಿರುವ ಮೇಷ್ಟ್ರೊಬ್ಬರು ಫಿಟ್ಸ್ ಮಾತ್ರೆ ಮುಗಿಯುವ ಮೊದಲು ನೆನಪಿಸುತ್ತಾರೆ. ನನ್ನ ಅಕ್ಕನ ಮಗಳು ಪಾಸ್‌ಬುಕ್ ನೋಡುತ್ತಾಳೆ, ಅವಳು ನೋಡಿದ್ದನ್ನು ಮೇಷ್ಟ್ರೂ ನೋಡುತ್ತಾರೆ. ದುಡ್ಡಿನ ವಿಷಯ ಒಬ್ಬರ ಕೈಯಲ್ಲೇ ಇರಬಾರದು, ಅವರು ಎಷ್ಟೇ ಒಳ್ಳೆಯವರಿರಲಿ. ಎರಡು ತಿಂಗಳಿಗೊಮ್ಮೆ ಎಲ್ಲರೂ ಸೇರುತ್ತಾರೆ. ತಿಂಡಿ ಯಾವುದು ಅನ್ನುವುದು ಇವನ ತೀರ್ಮಾನ. ಸದ್ಯಕ್ಕೆ ಪ್ರತಿ ಸಲವೂ ಮದ್ದೂರು ವಡೆ.

ಕಾಗದಪತ್ರ ಬೇಡವಾ ಅಂದರೆ, ಬೇಕು. ಮಕ್ಕಳಿಗೆ 18 ತುಂಬಿದ ಮೇಲೆ ಕಾನೂನಿನ ಕಣ್ಣಲ್ಲಿ ಅಪ್ಪ ಅಮ್ಮ ತಾವಾಗಿಯೇ ಗಾರ್ಡಿಯನ್ ಅಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿ ಗಾರ್ಡಿಯನ್ ನೇಮಿಸುತ್ತದೆ. ಅರ್ಜಿ ಹಾಕಿಬಿಡಿ. ಆದರೆ ಶನಿವಾರ ಸಂಜೆ ಟೀ ಕುಡಿಯಲು ಗಾರ್ಡಿಯನ್ ಆದೇಶ ಜೊತೆಗೆ ಬರುವುದಿಲ್ಲ ಅಲ್ವಾ?

ಹೋದ ವರ್ಷ ಹರ್ನಿಯಾ ಆಪರೇಷನ್ನಿಗೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಮೊದಲ ದಿನ ಅವನು ಒಂಬತ್ತು ಸಲ ಫೋನ್ ಮಾಡಿದ. ಎರಡನೇ ದಿನ ಮೂರು ಸಲ. ಮೂರನೇ ದಿನ ನಾನೇ ಮಾಡಿದೆ. ‘ಅಮ್ಮ, ಆಮೇಲೆ ಮಾಡು, ಟೈಲರ್ ಅಂಕಲ್ ಬಂದಿದ್ದಾರೆ’ ಅಂದು ಇಟ್ಟುಬಿಟ್ಟ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೊಟ್ಟೆಕಿಚ್ಚಾಯಿತು.